ಘಟಪ್ರಭೆಯ ತೀರದಲ್ಲಿ ಜನಸ್ಮೃತಿ

ಒಂದು ನಾಡಿನ ಇತಿಹಾಸವನ್ನು ಬರೆಯಹೊರಟವನಿಗೆ ಎರಡು ಬಗೆಯ ಸಾಕ್ಷಿಗಳು ದೊರೆಯುವುವು. ಒಂದು ಕಲ್ಲು, ತಾಮ್ರ, ಕಾಗದಗಳ ಮೇಲಿನದು. ಇನ್ನೊಂದು ಜನರ ನಾಲಗೆಯ ಮೇಲಿನದು. ಮೊದಲನೆಯದನ್ನು ನಂಬುವುದೂ ಎರಡನೆಯದನ್ನು ಕೇಳಿ ನಕ್ಕು ಬಿಡುವುದೂ ವಿದ್ಯಾವಂತರಲ್ಲಿ ರೂಢಿಯಾಗಿ ಹೋಗಿದೆ. ಶಾಸನಕ್ಕೆ ಶಕವರ್ಷ, ಸಂವತ್ಸರ, ತಿಥಿ, ವಾರಗಳುಂಟು. ಅಜ್ಜಿಯ ಮಾತಿಗೆ ಅವೊಂದೂ ಇಲ್ಲ. ಆದರೆ ಇವೆರಡರಲ್ಲಿ ಯಾವುದು ಜನರ ಬಾಳನ್ನು ತಿದ್ದಿತು, ಯಾವುದು ಅವರ ಬಾಯಿಗೆ ಮಾತನ್ನೂ ಎದೆಗೆ ಧೈರ್ಯವನ್ನೂ ಕೊಟ್ಟಿತು ಎಂದು ಕೇಳಿದರೆ ಲೆಕ್ಕವು ಬೇರೆಯಾಗುವುದು. ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿಗಳ ಸೀಮೆಯು ಈ ಪ್ರಶ್ನೆಯನ್ನು ಕೇಳುವುದಕ್ಕೆ ಬಹು ತಕ್ಕ ಸ್ಥಳವಾಗಿದೆ. ಘಟಪ್ರಭೆಯ ಆಸುಪಾಸಿನ ಈ ನೆಲದಲ್ಲಿ ಕಲ್ಲಿಗೂ ಕೊರತೆಯಿಲ್ಲ, ನಾಲಗೆಗೂ ಕೊರತೆಯಿಲ್ಲ.

ಮೂಡಲಗಿಯ ಕಡೆಗೆ ಕಲ್ಲೋಳಿಯೆಂಬ ಊರಿದೆ. ಕ್ರಿ. ಶ. ೧೨೦೪ರ ಸುಮಾರಿಗೆ, ರಟ್ಟರ ನಾಲ್ಕನೆಯ ಕಾರ್ತವೀರ್ಯನು ವೇಣುಗ್ರಾಮದಿಂದ, ಎಂದರೆ ಈಗಿನ ಬೆಳಗಾವಿಯಿಂದ, ಆಳುತ್ತಿದ್ದಾಗ ಅಲ್ಲಿಯ ಶಾಂತಿನಾಥ ಬಸದಿಗೆ ಕೊಟ್ಟ ದಾನವನ್ನು ಹೇಳುವ ಶಾಸನವು ಆ ಊರಲ್ಲಿ ದೊರೆತಿದೆ. ಸೂರ್ಯಚಂದ್ರರಿರುವ ತನಕ ಈ ಧರ್ಮವು ನಡೆಯಲೆಂಬ ಆಸೆಯಿಂದಲೇ ಅಂದಿನವರು ಇಂಥ ಶಾಸನಗಳನ್ನು ಕಲ್ಲಿನಲ್ಲಿ ಕಡೆಯಿಸುತ್ತಿದ್ದರು. ಆದರೆ ಆ ಶತಮಾನದ ಪೂರ್ವಾರ್ಧವು ಮುಗಿಯುವುದರೊಳಗೇ ರಟ್ಟರ ರಾಜ್ಯವು ದೇವಗಿರಿಯ ಯಾದವರ ಕೈಸೇರಿತು. ಲಿಪಿಯು ಮಾರ್ಪಟ್ಟಿತು, ಓದುವವರು ಇಲ್ಲವಾದರು. ೧೯ನೆಯ ಶತಮಾನದಲ್ಲಿ ಜೆ. ಎಫ್. ಫ್ಲೀಟ್ ಎಂಬ ಮುಂಬಯಿ ಸರಕಾರದ ಅಧಿಕಾರಿಯು ಅದನ್ನು ಓದಿ ಅಚ್ಚು ಹಾಕಿಸಿದ ಮೇಲೆಯೇ ಕಾರ್ತವೀರ್ಯನ ಹೆಸರು ಕಲ್ಲೋಳಿಗೆ ಮರಳಿ ಬಂದಿತು. ಅದೂ ಇಂಗ್ಲಿಷ್ ಬಲ್ಲವರ ಮುಖಾಂತರವಾಗಿ.

ಗೋಕಾಕದ ಹತ್ತಿರದ ಕೊಣ್ಣೂರಿನ ಕಥೆ ಇನ್ನೊಂದು ಬಗೆಯದು. ಅಲ್ಲಿ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೆ ಹಾಸುಗಲ್ಲು ಹೊದಿಸಿದ ಪ್ರಾಚೀನ ಸಮಾಧಿಗಳಿವೆ. ಕಬ್ಬಿಣದ ಬಳಕೆಯನ್ನು ಕಲಿತಿದ್ದ ಯಾವುದೋ ಜನವು ಎರಡು ಸಾವಿರ ವರ್ಷಗಳಿಗೂ ಹಿಂದೆ ತನ್ನವರಿಗಾಗಿ ಕಟ್ಟಿದ ಮನೆಗಳಿವು. ಸತ್ತವರಾರು, ಅಳುತ್ತ ಕಲ್ಲು ಹೊತ್ತವರಾರು ಎಂಬುದು ಪೂರ್ಣವಾಗಿ ಅಳಿಸಿಹೋಗಿದೆ. ಆದರೆ ಜನರ ಮನಸ್ಸು ಬರಿದಾದ ಮನೆಯನ್ನು ಬರಿದಾಗಿ ಬಿಡಲೊಲ್ಲದು. ಊರವರು ಅವನ್ನು 'ಪಾಂಡವರ ಮನೆ' ಎಂದು ಕರೆದರು. ಹಿರೇಬೆಣಕಲ್ಲಿನವರು ಇಂಥವನ್ನೇ 'ಮೋರ್ಯರ ಮನೆ' ಎಂದರು. ಪಾಂಡವರು ಕೊಣ್ಣೂರಿಗೆ ಬಂದಿದ್ದರೇ ಎಂದು ವಾದಿಸುವುದು ವ್ಯರ್ಥ. ಗುರುತಿಲ್ಲದವರ ಗೋರಿಗೂ ಒಂದು ಗೌರವದ ಹೆಸರನ್ನಿಟ್ಟರೆಂಬುದನ್ನಷ್ಟೇ ಗಮನಿಸಿದರೆ ಸಾಕು.

ಹೀಗೆ ಹೇಳಿದರೆ ಜನಸ್ಮೃತಿಯೆಂಬುದು ಕಲ್ಪನೆಯ ಇನ್ನೊಂದು ಹೆಸರೆಂದು ವಾಚಕರಿಗೆ ತೋರಬಹುದು. ಅದು ಹಾಗಲ್ಲ. ೧೮೭೬-೭೮ರ ಧಾತು, ಈಶ್ವರ ಸಂವತ್ಸರಗಳ ಬರವನ್ನು ಈ ಭಾಗದ ಮುದುಕರು ಮರೆತಿರಲಿಲ್ಲ. ಹಿಂದಿನ ತಲೆಮಾರಿನವರು ಹುಟ್ಟು ಮದುವೆಗಳನ್ನು ಬರದಿಂದ, ಪ್ಲೇಗಿನಿಂದ ಎಣಿಸುತ್ತಿದ್ದರು. ಅವರಿಗೆ ಅದೇ ಪಂಚಾಂಗ. ೧೮೯೭ರಲ್ಲಿ ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿ ಕಾಲುವೆಗೆ ನೀರು ತಿರುಗಿಸಿದ ಮೇಲೆಯೂ ರೈತನು ಹಗೆಯಲ್ಲಿ ಜೋಳವನ್ನು ಕೂಡಿಡುವುದನ್ನು ಬಿಡಲಿಲ್ಲ. ಆ ಎಚ್ಚರದಲ್ಲಿ ಬರದ ನೆನಪಿರಲಿಲ್ಲವೆಂದು ಹೇಳುವುದು ಕಷ್ಟ.

ನೆರೆಯ ಮುಧೋಳ ಸೀಮೆಯ ಹಲಗಲಿಯ ವೃತ್ತಾಂತವು ಇನ್ನೂ ಸ್ಪಷ್ಟವಾದುದು. ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಹೊರಟಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ದಂಡು ಬಂದಿತು, ಊರಿಗೆ ಬೆಂಕಿ ಬಿದ್ದಿತು, ಹಿಡಿಸಿಕೊಂಡವರು ನೇಣಿಗೇರಿದರು. ಸರಕಾರದ ಕಾಗದಗಳಿಗೆ ಅದೊಂದು ಚಿಕ್ಕ ದಂಗೆ. ಲಾವಣಿಕಾರರಿಗೆ ಮಾತ್ರ ಅದು ಹಾಡಾಯಿತು. ಹಳ್ಳಿಯಿಂದ ಹಳ್ಳಿಗೆ ಹೋದ ಆ ಹಾಡನ್ನು ಬರೆದುಕೊಂಡು ೧೮೮೫ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದವನು ಬೇರೆ ಯಾರೂ ಅಲ್ಲ, ಕಲ್ಲೋಳಿಯ ಕಲ್ಲನ್ನೋದಿದ ಆ ಫ್ಲೀಟನೇ. ಯಾವ ಸರಕಾರವು ಊರನ್ನು ಸುಟ್ಟಿತೋ ಆ ಸರಕಾರದ ಅಧಿಕಾರಿಯ ಕೈಯಿಂದಲೇ ಸುಟ್ಟ ಊರಿನ ಹಾಡು ಅಚ್ಚಾದುದು ವಿಚಿತ್ರವಾಗಿದೆ. ಕಲ್ಲನ್ನು ಅವನು ಓದಿಕೊಡಬೇಕಾಯಿತು. ಹಾಡನ್ನು ಜನರೇ ಅವನಿಗೆ ಹಾಡಿಕೊಟ್ಟರು.

ಲಾವಣಿಯಲ್ಲಿ ಉಳಿದುದು ಒಂದು ಘಟನೆಯ ನೆನಪು. ಒಂದು ನುಡಿಯ ನೆನಪು ಹೇಗೆ ಉಳಿಯಿತೆಂಬುದನ್ನು ಕಾಣಬೇಕಾದರೆ ಕುಲಗೋಡಕ್ಕೆ ಹೋಗಬೇಕು.

೧೮೧೮ರಲ್ಲಿ ಪೇಶವಾಯಿ ಮುಗಿದು ಈ ಪ್ರಾಂತವು ಮುಂಬಯಿ ಸರಕಾರದ ಕೈಗೆ ಬಂದಾಗ ಕಚೇರಿಯ ಭಾಷೆ ಮರಾಠಿಯಾಗಿದ್ದಿತು. ಮುಂದೆ ತೆರೆದ ಶಾಲೆಗಳಲ್ಲಿಯೂ ಬಹುಕಾಲ ಅದೇ ಮೇಲಾಯಿತು. ಮನೆಯಲ್ಲಿ ಕನ್ನಡವನ್ನಾಡುವವನು ಲೆಕ್ಕಪತ್ರವನ್ನು ಮೋಡಿಯಲ್ಲಿ ಬರೆಯುತ್ತಿದ್ದನು. ಡೆಪ್ಯುಟಿ ಚನ್ನಬಸಪ್ಪನವರಂಥವರು (೧೮೩೪-೧೮೮೧) ಶಾಲೆಗಳಲ್ಲಿ ಕನ್ನಡಕ್ಕೆ ಸ್ಥಾನ ದೊರಕಿಸಲು ತಮ್ಮ ಆಯುಷ್ಯವನ್ನೇ ಸವೆಯಿಸಬೇಕಾಯಿತು. ರಂಗಭೂಮಿಯ ಸ್ಥಿತಿಯೂ ಅಂಥದೇ. ಮರಾಠಿ ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದುದು ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ 'ಶಾಕುಂತಲ'ವು ೧೮೮೦ರಲ್ಲಿ ಪುಣೆಯಲ್ಲಿ ರಂಗಕ್ಕೇರಿತು. ಓದಬಲ್ಲ ಕನ್ನಡಿಗರು ಆ ನಾಟಕಗಳಿಗೆ ಮನಸೋತಿದ್ದರು. ಆ ಶತಮಾನದಲ್ಲಿ ಓದಬಾರದ ಕನ್ನಡಿಗರು ಇರುಳೆಲ್ಲ ಕುಳಿತು ನೋಡಿದುದು ಕುಲಗೋಡ ತಮ್ಮಣ್ಣನ 'ಶ್ರೀಕೃಷ್ಣ ಪಾರಿಜಾತ'ವನ್ನು.

ಪಾರಿಜಾತದ ಕಥೆಯು ತಮ್ಮಣ್ಣನದಲ್ಲ. ಅವನಿಗಿಂತ ಮುಂಚೆ ಅಪರಾಳ ತಮ್ಮಣ್ಣನೆಂಬವನು ಅದನ್ನು ಕೃತಿಯಾಗಿ ರಚಿಸಿದ್ದನು. ಕುಲಗೋಡದವನು ಅದನ್ನೆತ್ತಿಕೊಂಡು, ಪದಗಳನ್ನು ಕೂಡಿಸಿ, ಆಟಕ್ಕೆ ಒಗ್ಗುವಂತೆ ತಿದ್ದಿದನು. ನಾರದನು ಪಾರಿಜಾತವನ್ನು ತಂದು ಕೃಷ್ಣನಿಗೆ ಕೊಡುವನು, ಕೃಷ್ಣನು ರುಕ್ಮಿಣಿಗೆ ಮುಡಿಸುವನು, ಸತ್ಯಭಾಮೆಯು ಮುನಿಸಿಕೊಳ್ಳುವಳು. ಇಷ್ಟೇ ಕಥೆ. ಆದರೆ ಅದರೊಳಗೆ ಹಾಲು ಮಾರುವ ಗೊಲ್ಲತಿಯುಂಟು, ಕಣಿ ಹೇಳುವ ಕೊರವಂಜಿಯುಂಟು, ಎಲ್ಲರ ಮಾತಿಗೂ ಎದುರುಮಾತಾಡುವ ದೂತಿಯುಂಟು. ದ್ವಾರಕೆಯ ರಾಣಿಯರು ಗೋಕಾಕದ ಸಂತೆಯ ಮಾತಿನಲ್ಲಿ ಜಗಳವಾಡುವರು. ಹೆಂಡಿರಿಬ್ಬರ ನಡುವೆ ಸಿಕ್ಕಿದ ದೇವರನ್ನು ಕಂಡು ನಗುತ್ತ ಕುಳಿತ ಹೆಂಗಸರು ತಮ್ಮ ತಮ್ಮ ಮನೆಯನ್ನು ನೆನೆಯದೆ ಇದ್ದಾರೆಯೆ?

ಈ ಆಟವನ್ನು ಕಾಯ್ದವರಲ್ಲಿ ಅನೇಕರಿಗೆ ಅಕ್ಷರ ಬರುತ್ತಿರಲಿಲ್ಲ. ಹಿರಿಯ ನಟನ ಹಿಂದೆ ನಿಂತು ಕೇಳುವುದು, ಮೇಳದೊಡನೆ ಊರೂರು ಅಲೆಯುವುದು, ಮೊದಲು ಚಿಕ್ಕ ವೇಷ, ಆಮೇಲೆ ದೊಡ್ಡ ವೇಷ, ಇದೇ ಶಾಲೆ. ಕೌಜಲಗಿಯ ನಿಂಗಮ್ಮನ ಹೆಸರು ಈ ಆಟದೊಡನೆ ಬಿಡಿಸಲಾಗದಂತೆ ಬೆಸೆದುಕೊಂಡಿದೆ. ಶಿಷ್ಟರ ನಾಟಕಗಳಲ್ಲಿ ಗಂಡಸರೇ ಸೀರೆಯುಟ್ಟು ನಾಯಿಕೆಯರಾಗುತ್ತಿದ್ದ ದಿನಗಳಲ್ಲಿ ಹೆಣ್ಣೊಬ್ಬಳು ಹೆಣ್ಣಾಗಿಯೇ ರಂಗದ ಮೇಲೆ ನಿಂತು ಸಾವಿರಾರು ಜನರನ್ನು ಹಿಡಿದಿಟ್ಟಳು. ಇಂಥ ಕಲಾವಿದೆಯರನ್ನು ಸಮಾಜವು ದೀಪದ ಬೆಳಕಿನಲ್ಲಿ ಮೆಚ್ಚಿ ಬೆಳಗಾದ ಮೇಲೆ ಬಾಗಿಲ ಹೊರಗೆ ನಿಲ್ಲಿಸಿತೆಂಬುದನ್ನೂ ಇಲ್ಲಿ ಮರೆಯಬಾರದು. ಯಾರ ನೆನಪಿನಿಂದ ನುಡಿಯು ಬದುಕಿತೋ ಅವರನ್ನು ನೆನೆಯುವ ಸೌಜನ್ಯವು ತಡವಾಗಿ ಬಂದಿದೆ.

ಕಂಠಪಾಠವೆಂದರೆ ಗಿಳಿಪಾಠವೆಂದು ತಿಳಿದವರುಂಟು. ಅಮೇರಿಕೆಯ ಮಿಲ್ಮನ್ ಪ್ಯಾರಿ ಎಂಬ ವಿದ್ವಾಂಸನು ಹೋಮರನ ಕಾವ್ಯಗಳು ಹುಟ್ಟಿದ ಬಗೆಯನ್ನು ಅರಿಯಲೆಂದು ೧೯೩೩ರಿಂದ ೧೯೩೫ರವರೆಗೆ ಯುಗೋಸ್ಲಾವಿಯದ ಹಳ್ಳಿಗಳಲ್ಲಿ ತಿರುಗಾಡಿದನು. ಅಲ್ಲಿ ಅವ್ದೋ ಮೆಜೆದೋವಿಚ್ ಎಂಬ ಓದುಬರಹವಿಲ್ಲದ ಹಾಡುಗಾರನು ೧೨೦೦೦ ಸಾಲುಗಳಿಗೂ ಮಿಕ್ಕ ಒಂದೇ ಕಾವ್ಯವನ್ನು ಹೇಳಿ ಬರೆಯಿಸಿದನು. ಅವನು ಸಾಲುಗಳನ್ನು ಉರುಹಾಕಿರಲಿಲ್ಲ. ಕಟ್ಟುವ ಬಗೆಯನ್ನು ಬಲ್ಲವನಾಗಿ ಪ್ರತಿಸಲವೂ ಹೊಸದಾಗಿ ಕಟ್ಟುತ್ತಿದ್ದನು. ಪಾರಿಜಾತದವರ ರೀತಿಯು ಇದಕ್ಕೆ ಅರ್ಧ ಹೋಲುವುದು, ಅರ್ಧ ಹೋಲದು. ಪದಗಳು ತಮ್ಮಣ್ಣನ ಅಂಕಿತದೊಡನೆ ಹೆಚ್ಚುಕಡಿಮೆ ಸ್ಥಿರವಾಗಿ ನಿಂತಿವೆ. ಪದಪದಗಳ ನಡುವಣ ಮಾತು ಮಾತ್ರ ಆ ಇರುಳಿನದು, ಆ ಊರಿನದು. ಗೌಡನು ಎದುರಿಗೆ ಕುಳಿತಿದ್ದರೆ ಒಂದು ಮಾತು, ಮಳೆ ತಪ್ಪಿದ್ದರೆ ಇನ್ನೊಂದು ಮಾತು. ಅಚ್ಚಿನ ಪುಸ್ತಕವು ಪದಗಳನ್ನು ಉಳಿಸಿಕೊಟ್ಟಿತು. ಮಾತು ಆಡಿದವರೊಡನೆಯೇ ಹೋಗುವುದು; ಒಬ್ಬ ಒಳ್ಳೆಯ ಗೊಲ್ಲತಿ ಕಣ್ಮುಚ್ಚಿದರೆ ಒಂದು ಪುಸ್ತಕದಷ್ಟು ಕನ್ನಡವು ಬೂದಿಯಾಗುವುದು. ಮೇಳಗಳು ವಿರಳವಾದಂತೆ ಈ ನಷ್ಟವು ಹೆಚ್ಚುತ್ತಿದೆ.

ಈ ನುಡಿಯು ಬಾಳನ್ನು ತಿದ್ದಿತೆಂಬುದಕ್ಕೆ ದೂರದ ನಿದರ್ಶನ ಬೇಡ. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ೧೯೦೦ರಲ್ಲಿ ಹುಟ್ಟಿದ ಕೃಷ್ಣಶರ್ಮರು 'ಆನಂದಕಂದ'ರಾಗಿ ಧಾರವಾಡದಲ್ಲಿ ನೆಲಸಿ, ೧೯೩೮ರಲ್ಲಿ 'ಜಯಂತಿ' ಮಾಸಪತ್ರಿಕೆಯನ್ನು ಹೊರಡಿಸಿದರು. ಅವರ 'ನಲ್ವಾಡುಗಳು' ಹಳ್ಳಿಯ ನುಡಿಯಲ್ಲಿಯೇ ಇವೆ. ಶಾಲೆಯ ಪುಸ್ತಕವು ಕೊಡದ ಆ ಕನ್ನಡವನ್ನು ಅವರಿಗೆ ಕೊಟ್ಟುದು ಹುಟ್ಟಿದ ಸೀಮೆಯ ಹಂತಿ, ಬೀಸುವ ಕಲ್ಲು, ಬಯಲಾಟಗಳ ನೆನಪೇ ಆಗಿರಬೇಕು. ಅದೇ ತಾಲೂಕಿನ ಮಲಾಮರಡಿಯಲ್ಲಿ ೧೯೧೯ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು ೧೯೪೨ರ ಚಳವಳಿಯನ್ನು 'ಮಾಡಿ ಮಡಿದವರು' ಕಾದಂಬರಿಯಲ್ಲಿ ಉಳಿಸಿದರು.

ಹುಕ್ಕೇರಿಯಲ್ಲಿ ಆದಿಲಶಾಹಿಯ ಕಾಲದ ಗುಮ್ಮಟಗಳಿವೆ. ಒಳಗೆ ಮಲಗಿರುವ ಸರದಾರರ ಹೆಸರುಗಳನ್ನು ಕೇಳಿದರೆ ಸಾಮಾನ್ಯರಲ್ಲಿ ಕೆಲವರಷ್ಟೇ ಹೇಳಿಯಾರು. ಇಲ್ಲಿಯ ತೋಟಗಳಿಂದ ವಿಜಾಪುರದ ಸುಲ್ತಾನನಿಗೆ ಗುಲಾಬಿ ಹೂವು ಹೋಗುತ್ತಿದ್ದುವೆಂದೂ, 'ಹೂವಿನ ಕೇರಿ'ಯೇ ಹುಕ್ಕೇರಿಯಾಯಿತೆಂದೂ ಮಾತ್ರ ಊರವರು ಹೇಳುವರು. ಶಬ್ದಶಾಸ್ತ್ರಜ್ಞರು ಒಪ್ಪಲಿ ಬಿಡಲಿ, ಸರದಾರನಿಗಿಂತ ಹೂವೇ ನೆನಪಿನಲ್ಲಿ ನಿಂತಿದೆ.

ಇದೇ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಅಡ್ಡವಾಗಿ ಕಟ್ಟಿದ ಆಣೆಕಟ್ಟು ೧೯೭೭ರಲ್ಲಿ ಪೂರ್ಣವಾಯಿತು. ವಂಟಮುರಿಯ ರಾಜಾ ಲಖಮಗೌಡರ ಹೆಸರನ್ನು ಹೊತ್ತಿರುವ ಆ ಜಲಾಶಯವು ೫೧ ಟಿ.ಎಂ.ಸಿ. ನೀರನ್ನು ಹಿಡಿಯುವುದು. ಕೆಳಗಣ ಕಬ್ಬು ಜೋಳಗಳ ಹೊಲಗಳಿಗೆ ಅದು ಜೀವವೆಂಬುದರಲ್ಲಿ ಸಂದೇಹವಿಲ್ಲ. ಬರವನ್ನು ಕಂಡ ನಾಡು ನೀರನ್ನು ಬೇಡವೆನ್ನಲಾರದು. ಆದರೆ ಹಿನ್ನೀರಿನಲ್ಲಿ ಹೊಲ, ಮನೆ, ಗುಡಿಗಳು ಮುಳುಗಿದುವು. ಹುನ್ನೂರಿನ ವಿಠ್ಠಲನ ಮಂದಿರವು ಅವುಗಳಲ್ಲೊಂದು. ಜನರು ದಿಬ್ಬದ ಮೇಲೆ ಬೇರೆ ಮನೆಗಳನ್ನು ಕಟ್ಟಿಕೊಂಡರು. ಪರಿಹಾರದ ಲೆಕ್ಕವು ಕಚೇರಿಯ ದಫ್ತರಗಳಲ್ಲಿದೆ. ಯಾವ ಓಣಿಯಲ್ಲಿ ಯಾವ ಬೇವಿನ ಗಿಡವಿದ್ದಿತೆಂಬ ಲೆಕ್ಕವು ಅಲ್ಲಿಲ್ಲ.

ಬೇಸಗೆಯು ಬಲವಾಗಿ ನೀರು ಇಳಿದ ವರ್ಷಗಳಲ್ಲಿ ಮೊದಲು ಶಿಖರವು ಕಾಣುವುದು, ಆಮೇಲೆ ಗೋಡೆ, ಕೊನೆಗೆ ಅಂಗಳ. ಆಗ ಸುತ್ತಲಿನ ಊರುಗಳ ಜನರು ಒಡೆದ ಕೆಸರಿನ ಮೇಲೆ ನಡೆದು ಹೋಗಿ ಕಾಯಿ ಒಡೆಯುವರು, ದೀಪ ಹಚ್ಚುವರು. ಊರನ್ನು ಕಂಡಿದ್ದ ಹಿರಿಯರು ಕಾಣದ ಮಕ್ಕಳಿಗೆ ಕೈದೋರಿ ಹೇಳುವುದಕ್ಕೆ ಅವರಿಗೆ ದೊರೆಯುವ ಅವಧಿಯು ಕೆಲವೇ ವಾರಗಳದು. ಸಹ್ಯಾದ್ರಿಯಲ್ಲಿ ಮಳೆ ಹಿಡಿಯಿತೆಂದರೆ ಹೊಳೆಯು ಕೆಂಪಾಗಿ ಏರುವುದು, ಅಂಗಳವು ಮತ್ತೆ ನೀರೊಳಗಾಗುವುದು.