ನಮ್ಮ ಹೊಲದ ಕಲ್ಲು ಬಂದ ದಾರಿ

ನಮ್ಮ ಜತ್ತ ತಾಲೂಕಿನಲ್ಲಿ ಬಾವಿ ತೋಡುವುದೆಂದರೆ ಕಲ್ಲಿನೊಡನೆ ಕಾದಾಟ. ಮೇಲೆ ಒಂದಿಷ್ಟು ಕರಿಮಣ್ಣು, ಅದರ ಕೆಳಗೆ ಮುರುಮ, ಆಮೇಲೆ ಬರೀ ಕರಿಕಲ್ಲು. ಒಮ್ಮೆ ಏಳನೆಯ ತರಗತಿಯ ಹುಡುಗನೊಬ್ಬ ಬಾವಿಯ ದಂಡೆಯಿಂದ ಒಂದು ಕಲ್ಲು ತಂದು ನಮ್ಮ ಮೇಜಿನ ಮೇಲಿಟ್ಟ. ಮೈತುಂಬ ತೂತು, ಕೆಲವು ತೂತುಗಳಲ್ಲಿ ಬಿಳಿ ಹರಳು. ಇದು ಬಸಾಲ್ಟ್, ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಲಾವಾರಸ ತಣಿದು ಆದ ಕಲ್ಲು, ತೂತುಗಳು ಆಗಿನ ಅನಿಲದ ಗುಳ್ಳೆಗಳು ಎಂದೆವು. ಅಷ್ಟಕ್ಕೇ ಬಿಡಬೇಕಿತ್ತು! ಈ ಲಾವಾ ಉಕ್ಕಿದಾಗ ನಮ್ಮ ನೆಲ ಇಲ್ಲಿರಲಿಲ್ಲ, ಭೂಮಧ್ಯರೇಖೆಯಾಚೆ ದಕ್ಷಿಣದಲ್ಲಿತ್ತು ಎಂದೂ ಹೇಳಿಬಿಟ್ಟೆವು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಸರ್, ನಮ್ಮ ಹೊಲದ ಗಟ್ ನಂಬರ್ ಏನ ಆಗತೈತ್ರಿ?" ಎಂದ.

ತರಗತಿಯೆಲ್ಲ ನಕ್ಕಿತು. ಗಟ್ ನಂಬರಿಗೆ ಏನೂ ಆಗುವುದಿಲ್ಲ. ಪಕ್ಕದ ಹೊಲವೂ, ಪಕ್ಕದ ವಿಜಯಪುರ ಜಿಲ್ಲೆಯೂ ಒಂದೇ ಭೂಫಲಕದ ಮೇಲೆ ಕೂಡಿಯೇ ಸರಿಯುತ್ತವೆ. ಆದರೆ ಅವನ ಪ್ರಶ್ನೆಯಲ್ಲಿ ಇನ್ನೊಂದು ಪ್ರಶ್ನೆ ಅಡಗಿತ್ತು: ನೆಲ ಅಲ್ಲಿತ್ತು ಎನ್ನುವುದಕ್ಕೆ ಸಾತಬಾರಾ ಉತಾರ ಎಲ್ಲಿದೆ? ರಾಜರ ಪಾಠ ಹೇಳುವಾಗ ನಾವು ಶಾಸನ ತೋರಿಸುತ್ತೇವೆ. ಇಲ್ಲಿ ಏನು ತೋರಿಸಬೇಕು?

ಶಾಸನ ಕಲ್ಲಿನೊಳಗೇ ಇದೆ. ಬಸಾಲ್ಟಿನಲ್ಲಿ ಕಬ್ಬಿಣದ ಅಂಶವುಳ್ಳ ಖನಿಜಗಳಿರುತ್ತವೆ. ಲಾವಾ ತಣಿಯುವಾಗ ಅವು ಅಂದಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಭೂಮಧ್ಯರೇಖೆಯ ಹತ್ತಿರ ಕಾಂತಸೂಚಿ ಅಡ್ಡವಾಗಿ ಮಲಗುತ್ತದೆ, ಧ್ರುವದತ್ತ ಹೋದಂತೆ ಓರೆಯಾಗುತ್ತ ಹೋಗುತ್ತದೆ. ಈ ಓರೆಯಿಂದ ಕಲ್ಲು ಹುಟ್ಟಿದ ಅಕ್ಷಾಂಶ ತಿಳಿಯಬಹುದು.

೧೯೫೧ರಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿ ಎಡ್ವರ್ಡ್ ಇರ್ವಿಂಗ್ ನಮ್ಮ ದಖ್ಖನ್ ಟ್ರ್ಯಾಪಿನ ಕಲ್ಲುಗಳನ್ನು ತರಿಸಿಕೊಂಡು ಅಳೆಯತೊಡಗಿದರು. ಖಂಡಗಳು ಸರಿಯುತ್ತವೆ ಎಂದು ವೇಗನರ್ ೧೯೧೨ರಲ್ಲೇ ಹೇಳಿದ್ದರೂ ಆಗ ನಂಬುವವರು ಕಡಿಮೆ. ಭಾರತ ಬಹುದೂರ ಉತ್ತರಕ್ಕೆ ಬಂದಿದೆ ಎಂದು ಇರ್ವಿಂಗ್ ತೀರ್ಮಾನಿಸಿದರು. ೧೯೫೪ರಲ್ಲಿ ಅವರ ಪ್ರಬಂಧಕ್ಕೆ ಪಿಎಚ್‌ಡಿ ಸಿಗಲಿಲ್ಲ! ಮುಂದೆ ಇದೇ ವಿಷಯದಲ್ಲಿ ಅವರು ಜಗತ್ತಿನ ದೊಡ್ಡ ಹೆಸರಾದರು, ಅದು ಬೇರೆ ಮಾತು. ೧೯೫೬ರಲ್ಲಿ ಲಂಡನ್ನಿನ ಕ್ಲೆಗ್ ಮತ್ತು ಸಂಗಡಿಗರು, ಅದಾದ ಎರಡು ಮೂರು ವರ್ಷಗಳಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರಾಧಾಕೃಷ್ಣಮೂರ್ತಿ, ಸಹಸ್ರಬುದ್ಧೆ ಮೊದಲಾದವರು ಟ್ರ್ಯಾಪಿನ ಕಲ್ಲುಗಳನ್ನು ಅಳೆದು ಇದೇ ದಾರಿ ಹಿಡಿದರು. ನಮ್ಮ ಪಠ್ಯದಲ್ಲಿ ವೇಗನರ್ ಇದ್ದಾರೆ, ಇವರು ಯಾರೂ ಇಲ್ಲ. ಖಂಡಗಳ ಚಲನೆಗೆ ಸಾಕ್ಷಿ ನುಡಿದ ಮೊದಲ ಕಲ್ಲುಗಳಲ್ಲಿ ನಮ್ಮ ಕರಿಕಲ್ಲಿನ ಬಳಗವೂ ಇತ್ತೆಂದು ಮಕ್ಕಳಿಗೆ ಯಾರು ಹೇಳಬೇಕು?

ಲೆಕ್ಕ ಸುಲಭ. ಓರೆಯ ಟ್ಯಾನ್ ತೆಗೆದು ಅರ್ಧ ಮಾಡಿದರೆ ಅಕ್ಷಾಂಶದ ಟ್ಯಾನ್ ಸಿಗುತ್ತದೆ. ಓರೆ ೪೯ ಡಿಗ್ರಿ ಇದ್ದರೆ ಅಕ್ಷಾಂಶ ೩೦. ದಖ್ಖನ್ ಟ್ರ್ಯಾಪಿನ ಅಳತೆಗಳು ಇದರ ಆಸುಪಾಸಿನಲ್ಲೇ ಇವೆ, ಅಂದರೆ ಸುಮಾರು ೩೦ ಡಿಗ್ರಿ ದಕ್ಷಿಣ. ಜತ್ತ ಈಗ ೧೭ ಡಿಗ್ರಿ ಉತ್ತರದಲ್ಲಿದೆ. ಒಟ್ಟು ೪೭ ಡಿಗ್ರಿ, ಡಿಗ್ರಿಗೆ ೧೧೧ ಕಿ.ಮೀ. ಹಿಡಿದರೆ ೫೨೦೦ ಕಿ.ಮೀ. ದಾಟಿತು. ೬.೬ ಕೋಟಿ ವರ್ಷಗಳಿಂದ ಭಾಗಿಸಿ ಮಕ್ಕಳೇ ಸರಾಸರಿ ತೆಗೆದರು: ವರ್ಷಕ್ಕೆ ಸುಮಾರು ೮ ಸೆಂ.ಮೀ. ನಿಜದಲ್ಲಿ ವೇಗ ಒಂದೇ ಸಮ ಇರಲಿಲ್ಲ. ಮೊದಲು ವರ್ಷಕ್ಕೆ ೧೫ ಸೆಂ.ಮೀ. ದಾಟಿತ್ತು, ಏಷ್ಯಾಕ್ಕೆ ಡಿಕ್ಕಿಯಾದ ಮೇಲೆ ಇಳಿಯಿತು. ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿಪಿಎಸ್ ನಿಲ್ದಾಣ ಈಶಾನ್ಯಕ್ಕೆ ವರ್ಷಕ್ಕೆ ಸುಮಾರು ೫ ಸೆಂ.ಮೀ. ಸರಿಯುತ್ತಿದೆ.

ಆದರೆ ಕಾಂತದ ಓರೆ ಅಕ್ಷಾಂಶವನ್ನಷ್ಟೇ ಹೇಳುತ್ತದೆ, ರೇಖಾಂಶ ಹೇಳುವುದಿಲ್ಲ. ಅದಕ್ಕೆ ಬೇರೆ ದಾಖಲೆ ಬೇಕಾಯಿತು. ೧೯೬೩ರಲ್ಲಿ ಕೆನಡಾದ ಟೂಜೊ ವಿಲ್ಸನ್ ಹವಾಯಿ ದ್ವೀಪಗಳ ಸಾಲನ್ನು ನೋಡಿ, ಕೆಳಗಿನ ಬಿಸಿ ತಾಣ ನಿಂತಲ್ಲೇ ನಿಂತು, ಮೇಲಿನ ನೆಲ ಸರಿಯುತ್ತಿದ್ದರೆ ಇಂಥ ಸಾಲು ಹುಟ್ಟುತ್ತದೆ ಎಂದರು. ಇದೇ ಹಾಟ್‌ಸ್ಪಾಟ್. ಒಲೆಯ ಮೇಲೆ ರೊಟ್ಟಿಯನ್ನು ಮೆಲ್ಲಗೆ ಸರಿಸಿದರೆ ಸುಟ್ಟ ಗೆರೆ ಬೀಳುವುದಿಲ್ಲವೇ, ಹಾಗೆ. ನಮ್ಮ ಒಲೆ ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದ ಕೆಳಗಿದೆ. ೧೯೮೭ರಲ್ಲಿ ಜಾಯ್ಡೀಸ್ ರೆಸಲ್ಯೂಶನ್ ಎಂಬ ಹಡಗು ಈ ಗೆರೆಯುದ್ದಕ್ಕೂ ಸಮುದ್ರತಳ ಕೊರೆಯಿತು. ಮಾಲ್ಡೀವ್ಸ್ ಬಳಿಯ ಲಾವಾ ೫.೭ ಕೋಟಿ ವರ್ಷದ್ದು, ಛಾಗೋಸ್ ಬಳಿಯದು ೪.೯ ಕೋಟಿ, ಮ್ಯಾಸ್ಕರೀನ್ ಪ್ರಸ್ಥಭೂಮಿಯ ಒಂದು ಕಡೆ ೩.೩ ಕೋಟಿ. ಮಾರಿಷಸ್ ಇನ್ನೂ ಎಳೆಯದು, ರೀಯೂನಿಯನ್‌ನಲ್ಲಿ ಈಗಲೂ ಲಾವಾ ಉಕ್ಕುತ್ತದೆ. ಉತ್ತರದಿಂದ ದಕ್ಷಿಣಕ್ಕೆ ವಯಸ್ಸು ಇಳಿಯುತ್ತ ಬರುತ್ತದೆ. ಛಾಗೋಸ್ ದಾಟಿದ ಮೇಲೆ ಗೆರೆ ತುಂಡಾಗುತ್ತದೆ. ಸಾಗರದ ನಡುದಿಣ್ಣೆ ಹಾಟ್‌ಸ್ಪಾಟಿನ ಮೇಲೆ ಹಾಯ್ದು ಹೋದದ್ದರಿಂದ ಉಳಿದ ಭಾಗ ಆಫ್ರಿಕಾದ ಫಲಕದ ಪಾಲಾಯಿತು. ದಖ್ಖನ್ನಿನ ಲಾವಾಕ್ಕೂ ಈ ಹಾಟ್‌ಸ್ಪಾಟಿಗೂ ಸಂಬಂಧ ಒಪ್ಪದ ಭೂವಿಜ್ಞಾನಿಗಳೂ ಇದ್ದಾರೆ ಎಂಬುದನ್ನು ಮುಚ್ಚಿಡಬಾರದು.

ಇವೆಲ್ಲ ದಾಖಲೆಗಳನ್ನು ಕೂಡಿಸಿ ದಾರಿ ಎಳೆಯಲು ಈಗ ತಂತ್ರಾಂಶಗಳಿವೆ. ಸಿಡ್ನಿ ವಿಶ್ವವಿದ್ಯಾಲಯದವರು ಇತರರೊಡನೆ ಸೇರಿ ಮಾಡಿದ ಜಿಪ್ಲೇಟ್ಸ್ ಉಚಿತ. ಗೋಳದ ಮೇಲಿನ ಯಾವ ಚಲನೆಯನ್ನಾದರೂ ಒಂದು ಅಚ್ಚಿನ ಸುತ್ತ ಇಷ್ಟು ಡಿಗ್ರಿ ತಿರುಗುವಿಕೆ ಎಂದು ಬರೆಯಬಹುದು. ಇದು ೧೮ನೆಯ ಶತಮಾನದ ಗಣಿತಜ್ಞ ಆಯ್ಲರ್ ಕೊಟ್ಟದ್ದು. ತಂತ್ರಾಂಶದ ಪಟ್ಟಿಯಲ್ಲಿ ಪ್ರತಿ ಫಲಕಕ್ಕೂ ಒಂದು ನಂಬರ್ ಇದೆ, ಭಾರತದ್ದು ೫೦೧, ಆಫ್ರಿಕಾದ್ದು ೭೦೧. (ಕೊನೆಗೂ ಹುಡುಗನಿಗೆ ಗಟ್ ನಂಬರ್ ಸಿಕ್ಕಿತು!) ಜತ್ತದ ಅಕ್ಷಾಂಶ, ರೇಖಾಂಶ, ೫೦೧ ಮತ್ತು ಕಾಲ ಕೊಟ್ಟರೆ ಅದು ಒಂದೊಂದು ತಿರುಗುವಿಕೆಯನ್ನೂ ಕ್ರಮವಾಗಿ ಗುಣಿಸಿ ಗೆರೆ ಎಳೆಯುತ್ತದೆ. ಕ್ರಮ ತಪ್ಪಿದರೆ ಉತ್ತರವೂ ತಪ್ಪು. ಚೆಂಡನ್ನು ಎರಡು ರೀತಿ ತಿರುಗಿಸಿ ನೋಡಿದರೆ ಏಕೆಂದು ತಿಳಿಯುತ್ತದೆ.

ಪರದೆಯ ಮೇಲೆ ಬಂದದ್ದೆಲ್ಲ ಖರೆ ಎಂದು ಮಕ್ಕಳು ನಂಬುತ್ತಾರೆ, ನಾವೂ ನಂಬುತ್ತೇವೆ. ಆದರೆ ಯಂತ್ರಕ್ಕೆ ಯಾವ ಪಟ್ಟಿ ಕೊಟ್ಟೆವೋ ಅದೇ ಗೆರೆ. ಹಾಟ್‌ಸ್ಪಾಟ್ ಕದಲಿಲ್ಲವೆಂದು ಹಿಡಿದ ಪಟ್ಟಿಯಲ್ಲಿ ಒಂದು ದಾರಿ, ಕಾಂತದ ಅಳತೆಯ ಪಟ್ಟಿಯಲ್ಲಿ ಇನ್ನೊಂದು. ರೀಯೂನಿಯನ್ ೨೧ ಡಿಗ್ರಿ ದಕ್ಷಿಣದಲ್ಲಿದೆ, ಕಲ್ಲು ಹೇಳುವುದು ೩೦. ಸುಮಾರು ಸಾವಿರ ಕಿ.ಮೀ. ವ್ಯತ್ಯಾಸ! ಹಾಟ್‌ಸ್ಪಾಟುಗಳೂ ತುಸು ಸರಿಯುತ್ತವೆ, ಇಡೀ ಭೂಮಿಯ ಮೈಯೇ ಧ್ರುವಗಳಿಗೆ ಹೋಲಿಸಿದರೆ ಹೊರಳುತ್ತದೆ ಎಂದು ವಿಜ್ಞಾನಿಗಳು ಈ ಅಂತರವನ್ನು ವಿವರಿಸುತ್ತಾರೆ. ನಮ್ಮ ತರಗತಿಯ ಗೋಡೆಯ ನಕಾಶೆಯಲ್ಲಿ ಮಕ್ಕಳು ಎರಡೂ ದಾರಿ ಎಳೆದಿದ್ದಾರೆ, ಒಂದು ನೀಲಿ, ಒಂದು ಕೆಂಪು. ಕಲ್ಲು ಕಿಟಕಿಯ ಕಟ್ಟೆಯ ಮೇಲಿದೆ.