‘ಆವರೇಜ್’ ಪದ ಹುಟ್ಟಿದ್ದು ಹೇಗೆ? ‘ಆಗ ಸರಾಸರಿ ಆಯಸ್ಸು 32’ ಎಂದರೆ ಏನರ್ಥ?

‘ಬೈಕು ಎಷ್ಟು ಆವರೇಜ್ ಕೊಡುತ್ತೆ?’, ‘ಪಿಕ್ಚರ್ ಆವರೇಜ್ ಕಣೋ’, ‘ಹುಡುಗ ಓದಿನಲ್ಲಿ ಆವರೇಜ್’. ಕನ್ನಡದ ಮಾತಿನಲ್ಲಿ ಇಷ್ಟೊಂದು ಬೆರೆತಿರುವ ಈ ಇಂಗ್ಲಿಷ್ ಪದ ಹುಟ್ಟಿದ್ದು ಗಣಿತದ ತರಗತಿಯಲ್ಲಲ್ಲ, ಹಡಗುಕಟ್ಟೆಯಲ್ಲಿ.

ಪದದ ಮೂಲ ಏನು?

ನಿಘಂಟುಕಾರರು ಹೆಚ್ಚಾಗಿ ಒಪ್ಪುವಂತೆ ಇದರ ಮೂಲ ‘ಅವಾರ್’ ಎಂಬ ಅರಬ್ಬಿ ಪದ. ಅರ್ಥ: ದೋಷ, ಹಾನಿ. ಮೆಡಿಟರೇನಿಯನ್ ಸಮುದ್ರದ ವ್ಯಾಪಾರಿಗಳ ಬಾಯಲ್ಲಿ ಅದು ಇಟಾಲಿಯನ್ನಿನ ‘ಅವರಿಯಾ’, ಫ್ರೆಂಚಿನ ‘ಅವರಿ’ ಆಗಿ, 15ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂತು.

ಹಾನಿಗೂ ಸರಾಸರಿಗೂ ಏನು ಸಂಬಂಧ? ಬಿರುಗಾಳಿಗೆ ಸಿಕ್ಕ ಹಡಗು ಮುಳುಗದಿರಲೆಂದು ಕೆಲವು ಮೂಟೆಗಳನ್ನು ಸಮುದ್ರಕ್ಕೆ ಎಸೆಯುತ್ತಾರೆ. ಒಬ್ಬನ ಸರಕು ಹೋಯಿತು, ಉಳಿದವರದ್ದು ಉಳಿಯಿತು. ಆ ನಷ್ಟವನ್ನು ಅವನೊಬ್ಬನೇ ಹೊರಬಾರದು. ಹಡಗಿನ ಮಾಲೀಕನೂ ಎಲ್ಲ ವ್ಯಾಪಾರಿಗಳೂ ತಮ್ಮ ತಮ್ಮ ಸೊತ್ತಿನ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕು. 6ನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಸಂಗ್ರಹಿಸಿಸಿದ ರೋಮನ್ ಕಾನೂನಿನಲ್ಲೇ ಈ ನಿಯಮವಿದೆ. ಹೀಗೆ ಹಂಚಿಕೆಯಾದ ನಷ್ಟಕ್ಕೆ ‘ಆವರೇಜ್’ ಎಂಬ ಹೆಸರು ಬಿತ್ತು. ಎಲ್ಲರಿಗೂ ಹಂಚುವ ಈ ಲೆಕ್ಕದಿಂದಲೇ 18ನೇ ಶತಮಾನದಲ್ಲಿ ‘ಒಟ್ಟು ಕೂಡಿಸಿ, ಎಣಿಕೆಯಿಂದ ಭಾಗಿಸಿ’ ಎಂಬ ಈಗಿನ ಅರ್ಥ ಬೆಳೆಯಿತು.

ಹಳೆಯ ನಿಯಮ ಇಂದಿಗೂ ಜೀವಂತವಾಗಿದೆ. 2021ರ ಮಾರ್ಚಿನಲ್ಲಿ ‘ಎವರ್ ಗಿವನ್’ ಹಡಗು ಸೂಯೆಜ್ ಕಾಲುವೆಯಲ್ಲಿ ಆರು ದಿನ ಸಿಕ್ಕಿಕೊಂಡಿತ್ತಲ್ಲ? ಅದರ ಮಾಲೀಕರು ‘ಜನರಲ್ ಆವರೇಜ್’ ಘೋಷಿಸಿ, ಬಿಡಿಸಿದ ಖರ್ಚಿನಲ್ಲಿ ಸರಕಿನವರೂ ಪಾಲು ಕೊಡಬೇಕು ಎಂದರು.

ಫಾರ್ವರ್ಡ್‌ಗಳಲ್ಲಿ ಆಗುವ ಎಡವಟ್ಟು

ಹಂಚಿದ ಮೇಲೆ ನಿಜವಾಗಿ ಕಳೆದುಕೊಂಡವರು ಯಾರು ಎಂಬುದು ಲೆಕ್ಕದಲ್ಲಿ ಕಾಣುವುದಿಲ್ಲ. ಇದಕ್ಕೆ ಒಳ್ಳೆಯ ಉದಾಹರಣೆ ಆಯಸ್ಸಿನ ಲೆಕ್ಕ. ಜನಗಣತಿ ಆಧಾರದ ಅಂದಾಜಿನಂತೆ 1941-51ರ ದಶಕದಲ್ಲಿ ಭಾರತೀಯರ ಸರಾಸರಿ ಆಯಸ್ಸು ಸುಮಾರು 32 ವರ್ಷ. ಇದನ್ನು ಓದಿದ ಕೆಲವರು ‘ಆಗ 32ಕ್ಕೇ ಮುದುಕರಾಗಿ ಸಾಯುತ್ತಿದ್ದರು’ ಎನ್ನುತ್ತಾರೆ. ಇನ್ನು ಕೆಲವರು ‘ನಮ್ಮ ತಾತ 90 ವರ್ಷ ಬಾಳಿದ್ರು, ಈ ಲೆಕ್ಕವೇ ಸುಳ್ಳು, ಲಸಿಕೆಯೂ ಬೇಡ’ ಎನ್ನುತ್ತಾರೆ. ಎರಡೂ ತಪ್ಪು.

ಅರ್ಥವಾಗಲೆಂದು ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಹತ್ತು ಜನರಲ್ಲಿ ನಾಲ್ವರು ಒಂದು ವರ್ಷಕ್ಕೇ ತೀರಿಕೊಂಡರು, ಇಬ್ಬರು 30ಕ್ಕೆ, ನಾಲ್ವರು 64ಕ್ಕೆ. ಒಟ್ಟು 4 + 60 + 256 = 320. ಹತ್ತರಿಂದ ಭಾಗಿಸಿದರೆ 32. ಆದರೆ 32ನೇ ವಯಸ್ಸಿನಲ್ಲಿ ಸತ್ತವರು ಒಬ್ಬರೂ ಇಲ್ಲ!

ಅಂದರೆ 32 ಎಂಬ ಅಂಕಿಯ ಹಿಂದೆ ಇರುವುದು ಮುಖ್ಯವಾಗಿ ಮಕ್ಕಳ ಸಾವು. 1951ರಲ್ಲಿ ಹುಟ್ಟಿದ ಪ್ರತಿ 1,000 ಶಿಶುಗಳಲ್ಲಿ ಸುಮಾರು 146 ವರ್ಷ ತುಂಬುವ ಮುನ್ನವೇ ಸಾಯುತ್ತಿದ್ದವು ಎಂಬುದು ಸರ್ಕಾರಿ ಅಂದಾಜು. 2020ರಲ್ಲಿ ಅದು 28. ಈಗ ಸರಾಸರಿ ಆಯಸ್ಸು 70ರ ಆಸುಪಾಸು. ಲಸಿಕೆ, ಶುದ್ಧ ನೀರು, ಆಸ್ಪತ್ರೆ ಹೆರಿಗೆ, ಒಳ್ಳೆಯ ಆಹಾರ ಎಲ್ಲದರ ಪಾಲೂ ಇದರಲ್ಲಿದೆ. 90 ವರ್ಷ ಬಾಳಿದ ತಾತನನ್ನು ನಾವು ನೋಡಿದ್ದೇವೆ. ತೊಟ್ಟಿಲಲ್ಲೇ ಹೋದ ಅವರ ತಮ್ಮ ತಂಗಿಯರನ್ನು ನೋಡಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಮೆಸೇಜಿನಲ್ಲಿ ‘ಸರಾಸರಿ’ ಎಂದು ಕಂಡರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾರನ್ನೆಲ್ಲ ಸೇರಿಸಿ ಲೆಕ್ಕ ಹಾಕಿದ್ದಾರೆ? ತೀರಾ ದೊಡ್ಡ ಅಥವಾ ತೀರಾ ಚಿಕ್ಕ ಅಂಕಿಗಳು ಅದರಲ್ಲಿವೆಯೇ? ಯಾವ ವರ್ಷದ ಅಂಕಿ ಇದು? ಉತ್ತರ ಇಲ್ಲದಿದ್ದರೆ ಮೆಸೇಜು ನಿಮ್ಮ ಫೋನಿನಲ್ಲೇ ಉಳಿಯಲಿ.