ಜಗಲಿ ಇದ್ದ ಬೀದಿ

ಬ್ರೂಕ್‌ಫೀಲ್ಡ್ ದಾಟಿ ವೈಟ್‌ಫೀಲ್ಡ್‌ನತ್ತ ಸಾಗಿದರೆ ‘ಇನ್ನರ್ ಸರ್ಕಲ್’ ಎಂಬ ದುಂಡನೆಯ ಬೀದಿ ಎದುರಾಗುತ್ತದೆ. 1882ರಲ್ಲಿ ಮಹಾರಾಜ ಹತ್ತನೇ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಭೂಮಿ ದಯಪಾಲಿಸಿದರು. ಬೇಸಾಯದಿಂದ ಬಾಳಲು ಬಂದವರು ಹೆಂಚಿನ ಮಾಡು, ಅಗಲವಾದ ಜಗಲಿ, ಸುತ್ತಲೂ ತೋಟವಿರುವ ಮನೆಗಳನ್ನು ಕಟ್ಟಿಕೊಂಡರು. ಮುಂದೆ ಅನೇಕರ ಮಕ್ಕಳು ಪರದೇಶ ಸೇರಿದರು. ಬಳಿಕ ಸಮೀಪದ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ಉದ್ಘಾಟನೆಯಾಯಿತು. ಕ್ರಮೇಣ ಮನೆಗಿಂತ ನಿವೇಶನಕ್ಕೇ ಹೆಚ್ಚು ಬೆಲೆ ಬಂದಿತು. ಹಳೆಯ ಮನೆಗಳು ಒಂದೊಂದಾಗಿ ಉರುಳಿ ಫ್ಲ್ಯಾಟುಗಳು ಎದ್ದವು; ಉಳಿದಿರುವುದು ಕೆಲವೇ. ಒಂದು ಕುಟುಂಬವಿದ್ದಲ್ಲಿ ಹಲವರಿಗೆ ಸೂರು ದೊರೆತುದನ್ನು ಹಳಿಯಲಾಗದು. ಆದರೆ ದಾರಿಹೋಕರನ್ನು ಮಾತನಾಡಿಸುತ್ತಿದ್ದ ಜಗಲಿ ಮರೆಯಾಯಿತು. ನಿಮ್ಮ ಎದುರು ಬಾಗಿಲಿನವರ ಹೆಸರು ನಿಮಗೆ ತಿಳಿದಿದೆಯೇ? ಈ ಭಾನುವಾರ ಆ ಬಾಗಿಲನ್ನೊಮ್ಮೆ ತಟ್ಟಿರಿ.